ಎಲ್ಲರೂ ನೋಡುತ್ತಿರುವಾಗ ಯಾರೂ ಮುಂದಾಗದಿರುವುದೇಕೆ?

ಪ್ರಶ್ನೆ: ಜನರಿಂದ ತುಂಬಿದ ಜಾಗದಲ್ಲಿ ಒಬ್ಬರು ಕುಸಿದು ಬಿದ್ದರೂ ಸುತ್ತಲಿನವರು ನೋಡುತ್ತ ನಿಂತಿದ್ದರೆಂಬ ಸುದ್ದಿಗಳನ್ನು ಓದಿದಾಗಲೆಲ್ಲ ಮನುಷ್ಯರಲ್ಲಿ ಕರುಣೆಯೇ ಬತ್ತಿಹೋಯಿತೇನೋ ಎಂದು ಸಂಕಟವಾಗುತ್ತದೆ. ಜನ ಹೀಗೇಕೆ ನಡೆದುಕೊಳ್ಳುತ್ತಾರೆ?

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕರುಣೆ ಬತ್ತಿದೆ ಎಂಬ ಮಾತನ್ನು ನಾನು ಒಪ್ಪಲಾರೆ; ಈ ಕುರಿತು ನಡೆದಿರುವ ಅಧ್ಯಯನಗಳೂ ಅದನ್ನು ಒಪ್ಪುವುದಿಲ್ಲ.

ಈ ಚರ್ಚೆ ಗಂಭೀರವಾಗಿ ಆರಂಭವಾದದ್ದು 1964ರಲ್ಲಿ, ನ್ಯೂಯಾರ್ಕ್ ನಗರದಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾದ ಬಳಿಕ. 38 ಮಂದಿ ಕಣ್ಣಾರೆ ಕಂಡೂ ಸುಮ್ಮನಿದ್ದರೆಂದು ಪತ್ರಿಕೆಯಲ್ಲಿ ಬಂದ ವರದಿ ಜಗತ್ತನ್ನೇ ಬೆಚ್ಚಿಬೀಳಿಸಿತು. ಅದು ಬಹಳ ಉತ್ಪ್ರೇಕ್ಷಿತವಾಗಿತ್ತೆಂದು ಮುಂದೆ ತಿಳಿದುಬಂತು: ಬಹುತೇಕರು ಘಟನೆಯ ಯಾವುದೋ ಒಂದು ತುಣುಕನ್ನಷ್ಟೇ ಕಂಡಿದ್ದರು ಅಥವಾ ಕೂಗನ್ನಷ್ಟೇ ಕೇಳಿದ್ದರು, ನೆರೆಮನೆಯ ಮಹಿಳೆಯೊಬ್ಬರು ಓಡಿಬಂದು ಆಕೆಯನ್ನು ತಬ್ಬಿ ಹಿಡಿದಿದ್ದರು. ಜನರನ್ನು ಕಲ್ಲುಮನಸ್ಸಿನವರೆಂದು ದೂಷಿಸುವ ಕಥೆ ಎಷ್ಟು ಬೇಗ ನಂಬಿಕೆ ಗಳಿಸುತ್ತದೆ ಎಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಆ ವರದಿಯಿಂದ ಪ್ರೇರಿತರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನೋವಿಜ್ಞಾನಿಗಳು 1968ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೇರೆ ಬೇರೆ ಕೋಣೆಗಳಲ್ಲಿ ಕುಳಿತ ವಿದ್ಯಾರ್ಥಿಗಳು ಇಂಟರ್‌ಕಾಂ ಮೂಲಕ ಮಾತನಾಡುತ್ತಿರುವಾಗ, ಅವರಲ್ಲೊಬ್ಬನಿಗೆ ಫಿಟ್ಸ್ ಬಂದಂತೆ ತೊದಲುವ, ನೆರವಿಗಾಗಿ ಅಂಗಲಾಚುವ ಧ್ವನಿ ಕೇಳಿಸುತ್ತದೆ. ಅದು ಮೊದಲೇ ಮುದ್ರಿಸಿಟ್ಟದ್ದೆಂದು ಕೇಳುವವರಿಗೆ ಗೊತ್ತಿಲ್ಲ. ಅದನ್ನು ಕೇಳುತ್ತಿರುವವರು ತಾವೊಬ್ಬರೇ ಎಂದು ತಿಳಿದವರಲ್ಲಿ ಶೇಕಡಾ 85ರಷ್ಟು ಮಂದಿ ಧ್ವನಿ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರೆ, ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ತಿಳಿದವರಲ್ಲಿ ಹಾಗೆ ಮಾಡಿದವರು ಶೇಕಡಾ 31 ಮಾತ್ರ. ಯಾರಾದರೂ ಹೋಗಿರಬಹುದೆಂದು ಪ್ರತಿಯೊಬ್ಬರೂ ಭಾವಿಸುವಾಗ ಹೊಣೆ ಹಂಚಿಹೋಗಿ ಯಾರ ಪಾಲಿಗೂ ಉಳಿಯುವುದಿಲ್ಲ.

ಈ ಪ್ರಯೋಗದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ ಸಂಗತಿ ಬೇರೆ. ಕೋಣೆ ಬಿಟ್ಟು ಏಳದವರನ್ನು ಕೊನೆಯಲ್ಲಿ ಸಂಶೋಧಕರು ಕಂಡಾಗ ಅವರಲ್ಲಿ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು, ಆ ಹುಡುಗ ಹೇಗಿದ್ದಾನೆ ಎಂದು ಅವರು ಆತಂಕದಿಂದ ವಿಚಾರಿಸುತ್ತಿದ್ದರು. ಅವರು ನಿರ್ದಯರಾಗಿರಲಿಲ್ಲ, ಹೋಗಬೇಕೋ ಬೇಡವೋ ಎಂಬ ತೊಳಲಾಟದಲ್ಲಿಯೇ ಕುಳಿತುಬಿಟ್ಟಿದ್ದರು.

ಇನ್ನೊಂದು ಕಾರಣವೂ ಇದರೊಡನೆ ಸೇರಿಕೊಳ್ಳುತ್ತದೆ. ನಡೆಯುತ್ತಿರುವುದು ನಿಜವಾದ ಆಪತ್ತೇ ಎಂಬ ಸಂದೇಹ ಬಂದಾಗ ನಾವು ಅಕ್ಕಪಕ್ಕದವರ ಮುಖ ನೋಡುತ್ತೇವೆ. ಅವರೂ ಒಳಗಿನ ಗಾಬರಿಯನ್ನು ಮರೆಮಾಡಿಕೊಂಡು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಹೀಗೆ ಎಲ್ಲರ ತೋರಿಕೆಯ ಶಾಂತಿಯಿಂದ ಏನೂ ಆಗಿಲ್ಲವೆಂಬ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಡಾರ್ಲಿ ಮತ್ತು ಲಟಾನೆಯವರದೇ ಮತ್ತೊಂದು ಪ್ರಯೋಗದಲ್ಲಿ ಕೋಣೆಯೊಳಕ್ಕೆ ಹೊಗೆ ನುಗ್ಗಿದಾಗ ಒಬ್ಬರೇ ಇದ್ದವರಲ್ಲಿ ಶೇಕಡಾ 75ರಷ್ಟು ಜನ ಹೊರಬಂದು ತಿಳಿಸಿದ್ದರು. ನಿರ್ಲಿಪ್ತರಂತೆ ನಟಿಸುವ ಇಬ್ಬರ ಜೊತೆ ಕುಳಿತವರಲ್ಲಿ ತಿಳಿಸಿದ್ದು ಶೇಕಡಾ 10 ಮಾತ್ರ. ಅಲ್ಲಿ ಅವರ ಸ್ವಂತ ಜೀವಕ್ಕೇ ಅಪಾಯವಿದ್ದಂತೆ ತೋರುತ್ತಿತ್ತು ಎಂಬುದನ್ನು ನೆನೆದರೆ, ಸುಮ್ಮನಿರುವುದಕ್ಕೆ ಸ್ವಾರ್ಥವೊಂದೇ ಕಾರಣವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಅವಸರದ ಪಾತ್ರವನ್ನೂ ಕಡೆಗಣಿಸುವಂತಿಲ್ಲ. ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಧರ್ಮಶಾಸ್ತ್ರದ ವಿದ್ಯಾರ್ಥಿಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಉಪನ್ಯಾಸ ನೀಡಲು ಹೋಗುವ ದಾರಿಯಲ್ಲಿ ಒಬ್ಬ ವ್ಯಕ್ತಿ ನರಳುತ್ತ ಬಾಗಿಲ ಬಳಿ ಕುಸಿದಿದ್ದ. ಸಮಯವಿದೆ ಎಂದು ತಿಳಿದವರಲ್ಲಿ ಶೇಕಡಾ 63 ಮಂದಿ ನೆರವಾದರು, ತಡವಾಯಿತೆಂದು ಧಾವಿಸುತ್ತಿದ್ದವರಲ್ಲಿ ಶೇಕಡಾ 10 ಮಂದಿ. ಕೆಲವರು ಆಗ ಉಪನ್ಯಾಸ ನೀಡಬೇಕಿದ್ದುದು ದಾರಿಹೋಕನಿಗೆ ನೆರವಾದ ಸಮಾರಿಯದವನ ಬೈಬಲ್ ಕಥೆಯ ಬಗ್ಗೆಯೇ ಆಗಿದ್ದರೂ ಅದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ.

ಕಷ್ಟದಲ್ಲಿರುವವರು ನಮ್ಮವರೋ ಪರರೋ ಎಂಬ ಭೇದವೂ ಕೆಲಸ ಮಾಡುತ್ತದೆ, ಮತ್ತು ಎಲ್ಲ ಕಾರಣಗಳಲ್ಲಿ ನನಗೆ ಹೆಚ್ಚು ನೋವು ತರುವುದು ಇದೇ.

ಪ್ರಶ್ನೆ: ಹಾಗಾದರೆ ಗುಂಪಿನ ನಡುವೆ ನೆರವು ಬೇಕಾದಾಗ ಏನು ಮಾಡಬೇಕು?

ಉತ್ತರ: "ಯಾರಾದರೂ ಬನ್ನಿ" ಎಂದು ಕೂಗುವ ಬದಲು ಒಬ್ಬರ ಕಣ್ಣನ್ನು ದಿಟ್ಟಿಸಿ, "ನೀಲಿ ಅಂಗಿಯವರೇ, ನೀವು ಆಂಬುಲೆನ್ಸ್‌ಗೆ ಕರೆ ಮಾಡಿ" ಎಂದು ಬೊಟ್ಟು ಮಾಡಿ ಕೇಳಬೇಕು. ಇದರಿಂದ ಹಂಚಿಹೋಗಿದ್ದ ಹೊಣೆ ಒಬ್ಬರಲ್ಲಿ ನೆಲೆಸುತ್ತದೆ, ಆಪತ್ತು ನಿಜವೆಂಬುದೂ ಎಲ್ಲರಿಗೂ ಖಚಿತವಾಗುತ್ತದೆ. ನೋಡುತ್ತ ನಿಂತವರು ನೀವಾಗಿದ್ದರೆ, ಹತ್ತಿರ ಹೋಗಿ "ಏನಾಯಿತು?" ಎಂದು ಕೇಳುವುದರಿಂದ ಆರಂಭಿಸಿ. ಮೊದಲ ಹೆಜ್ಜೆ ಇಡುವವರೊಬ್ಬರು ಸಿಕ್ಕರೆ ಉಳಿದವರು ಹಿಂದೆಯೇ ಬರುವುದು ಅಪರೂಪವೇನಲ್ಲ.

ಜನಸಂದಣಿಯನ್ನು ಕಂಡು ನಿರಾಶರಾಗಲು ಕಾರಣವಿಲ್ಲವೆಂದು ಹೇಳಲು ನನ್ನಲ್ಲಿ ಆಧಾರವೂ ಇದೆ. ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್ ಮತ್ತು ಕೇಪ್‌ಟೌನ್ ನಗರಗಳ ಸಿಸಿಟಿವಿಗಳಲ್ಲಿ ದಾಖಲಾದ 219 ಜಗಳಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಹತ್ತರಲ್ಲಿ ಒಂಬತ್ತು ಘಟನೆಗಳಲ್ಲಿ ಕನಿಷ್ಠ ಒಬ್ಬರಾದರೂ ಮಧ್ಯೆ ಪ್ರವೇಶಿಸಿದ್ದರು, ಮತ್ತು ಜನ ಹೆಚ್ಚಿದ್ದಷ್ಟೂ ಯಾರಾದರೂ ನೆರವಿಗೆ ಬರುವ ಸಾಧ್ಯತೆ ಹೆಚ್ಚಿತ್ತು. ಗುಂಪಿನಲ್ಲಿ ಪ್ರತಿಯೊಬ್ಬರೂ ಹಿಂಜರಿಯಬಹುದು, ಆದರೂ ಅಷ್ಟು ಜನರಲ್ಲಿ ಒಬ್ಬರ ಹಿಂಜರಿಕೆ ಮುರಿದರೆ ಸಾಕಾಗುತ್ತದೆ.

ಪ್ರಶ್ನೆ: ಪರಿಚಿತರು ಕಷ್ಟದಲ್ಲಿರುವಾಗಲೂ ನಾವು ದೂರ ಉಳಿಯುತ್ತೇವಲ್ಲ?

ಉತ್ತರ: ಅಲ್ಲಿ ತಡೆಯುವುದು ಬಹುಮಟ್ಟಿಗೆ ಸಂಕೋಚ. ಕೇಳಿದರೆ ಅವರಿಗೆ ನೋವಾದೀತು ಎಂದು ನಾವು, ಕೇಳಿದರೆ ಇಲ್ಲವೆಂದಾರು ಎಂದು ಅವರು. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಬೇಡಿಕೆಗೆ ಒಪ್ಪುವವರು ಎಷ್ಟು ಮಂದಿ ಎಂಬುದನ್ನು ನೆರವು ಕೇಳುವವರು ವಾಸ್ತವಕ್ಕಿಂತ ಬಹಳ ಕಡಿಮೆ ಅಂದಾಜು ಮಾಡುತ್ತಾರೆ. ಆದ್ದರಿಂದ "ಏನಾದರೂ ಬೇಕಿದ್ದರೆ ಹೇಳಿ" ಎಂದು ಹೇಳಿ ಹೊರೆಯನ್ನು ಅವರ ಮೇಲೆಯೇ ಹಾಕಬೇಡಿ. "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನಾನು ಜೊತೆಯಲ್ಲಿ ಬರುತ್ತೇನೆ" ಎಂಬಂತೆ ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿ ಹೇಳಿ. ಬೇಡವೆಂದರೆ ಒತ್ತಾಯಿಸದೆ, ಕೆಲವು ದಿನ ಬಿಟ್ಟು ಮತ್ತೊಮ್ಮೆ ಕೇಳಿ.