ಸೈತಾನನನ್ನೇ ನಂಬದ ಸೈತಾನಿಸಂ ಧರ್ಮವಾ, ಫಿಲಾಸಫಿಯಾ?

"ಸೈತಾನನೇ ಇಲ್ಲ ಅನ್ನುವವರದ್ದು ಧರ್ಮ ಹೇಗಾಗುತ್ತದೆ, ಬರೀ ಫಿಲಾಸಫಿ ಅಲ್ವಾ" ಅಂತ ಕೇಳಿದ್ದೀರಿ. ಕಾಲೇಜಿನ ಸೆಮಿನಾರಿನಲ್ಲಿ ನಾನೂ ಇದನ್ನೇ ಎದೆ ಸೆಟೆಸಿ ವಾದಿಸಿದ್ದೆ.

ನನಗೆ ಆಧಾರ ಆಂಟನ್ ಲಾವೇ. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚರ್ಚ್ ಆಫ್ ಸೇಟನ್ ಶುರು ಮಾಡಿದವರು. 1969ರಲ್ಲಿ ಬಂದ ಅವರ 'ದಿ ಸಟಾನಿಕ್ ಬೈಬಲ್'ನಲ್ಲಿ ನಾಲ್ಕು ಭಾಗಗಳಿವೆ. ಮೊದಲೆರಡರಲ್ಲಿ ವಾದವೇ ಜಾಸ್ತಿ. ದೇವರನ್ನು ಮನುಷ್ಯನೇ ಮಾಡಿಕೊಂಡಿದ್ದು, ಸೈತಾನ ನಮ್ಮ ಸಹಜ ಆಸೆಗಳ ಸಂಕೇತ, ಹೀಗೆ. ನನಗೆ ಬೇಕಾಗಿದ್ದು ಸಿಕ್ಕಿತು. ಅಲ್ಲಿಗೇ ಪುಸ್ತಕ ಮುಚ್ಚಿಬಿಟ್ಟೆ.

ನಾನು ಕೆಟ್ಟಿದ್ದು ಅಲ್ಲೇ. ಮೇಡಂ ಮೂರನೇ ಭಾಗ ತೆರೆದು, "ಹಾಗಾದರೆ ಈ ಗಂಟೆ ಯಾಕೆ?" ಅಂದರು. ಯಾವ ಗಂಟೆ? ನನಗೆ ಗೊತ್ತೇ ಇರಲಿಲ್ಲ. ಅಲ್ಲಿ ಪೂಜಾವಿಧಿಯೇ ಇದೆ ಸ್ವಾಮಿ! ಕಪ್ಪು ನಿಲುವಂಗಿ, ಖಡ್ಗ, ಪಾನಪಾತ್ರೆ, ಕಪ್ಪು ಮೇಣದಬತ್ತಿ. ಬಿಳಿ ಬತ್ತಿ ಒಂದೇ ಒಂದು, ಅದೂ ವೇದಿಯ ಬಲಕ್ಕೆ. ಪುರೋಹಿತ ಅಪ್ರದಕ್ಷಿಣವಾಗಿ ತಿರುಗುತ್ತಾ ಒಂಬತ್ತು ಸಲ ಗಂಟೆ ಬಾರಿಸಬೇಕು. ನಾಲ್ಕನೇ ಭಾಗದ ತುಂಬ ಆವಾಹನೆಗಳು, ಎನೋಕಿಯನ್ (ದೇವದೂತರ ಭಾಷೆ ಅಂತ ಹೇಳಲಾಗುವ ಭಾಷೆ) ಮಂತ್ರಗಳು. ಹಬ್ಬಗಳೂ ಉಂಟು, ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಅವರವರ ಹುಟ್ಟುಹಬ್ಬ. (ಇದು ಮಾತ್ರ ನನಗೆ ತುಂಬಾ ಹಿಡಿಸಿತು.) ವಿಧಿಗಳೆಲ್ಲ ಮನಸ್ಸಿನ ಒತ್ತಡ ಹೊರಹಾಕುವ ನಾಟಕ ಅನ್ನುವ ಲಾವೇ, ಮಾಟ ಕೆಲಸ ಮಾಡುತ್ತದೆ ಅಂತಲೂ ಹೇಳುತ್ತಾರೆ.

ಓದಿಲ್ಲ ಅಂತ ಒಪ್ಪಿಕೊಂಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. "ಅವೆಲ್ಲ ಸುಮ್ನೆ ಅಲಂಕಾರ" ಅಂತ ಮೊಂಡುವಾದ ಹೂಡಿದೆ. ಮೇಡಂ ಪುಟ ತಿರುವಿದಷ್ಟೂ ನನ್ನ ದನಿ ಏರಿತು. ಅಂಕ ಹೋಗಿದ್ದು ಹಾಗಿರಲಿ, ಕೊಡ್ತೀನಿ ಅಂದಿದ್ದ ಶಿಫಾರಸು ಪತ್ರವೂ ಬರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಅದು ನಿಂತಿರುವ ನೆಲವೇ ಸರಿಯಿಲ್ಲ. ದೇವರನ್ನು ನಂಬಿದರೆ ಮಾತ್ರ ಧರ್ಮ ಅನ್ನುವುದಾದರೆ ಸೃಷ್ಟಿಕರ್ತನನ್ನೇ ಒಪ್ಪದ ಜೈನರನ್ನು ಎಲ್ಲಿಡುತ್ತೀರಿ? ಅಮೆರಿಕದ ಸುಪ್ರೀಂ ಕೋರ್ಟ್ 1961ರ ಒಂದು ತೀರ್ಪಿನ ಅಡಿಟಿಪ್ಪಣಿಯಲ್ಲಿ ದೇವರ ನಂಬಿಕೆ ಬೋಧಿಸದ ಧರ್ಮಗಳು ಅಂತಲೇ ಬೌದ್ಧ, ಚೀನಾದ ತಾವೋ ಧರ್ಮಗಳನ್ನು ಹೆಸರಿಸಿದೆ.

ಇನ್ನೊಂದು, ಯಾವ ಸೈತಾನಿಸಂ? ಲಾವೇಯಿಂದ ಸಿಡಿದು 1975ರಲ್ಲಿ ಹುಟ್ಟಿದ ಟೆಂಪಲ್ ಆಫ್ ಸೆಟ್‌ನವರಿಗೆ ಸೆಟ್ (ಪ್ರಾಚೀನ ಈಜಿಪ್ಟಿನ ದೇವರು) ನಿಜವಾಗಿ ಇರುವ ಶಕ್ತಿ. 2013ರ ಸಟಾನಿಕ್ ಟೆಂಪಲ್ ಅಲೌಕಿಕವಾದ ಯಾವುದನ್ನೂ ನಂಬುವುದಿಲ್ಲ. ಅವರದ್ದು ಏಳು ಸೂತ್ರಗಳು. ಆದರೂ ನಮ್ಮದು ಧರ್ಮ ಅನ್ನುತ್ತಾರೆ. 2019ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಅವರನ್ನು ತೆರಿಗೆ ವಿನಾಯಿತಿ ಇರುವ ಚರ್ಚ್ ಎಂದೇ ಮಾನ್ಯ ಮಾಡಿತು. ಲಾವೇ ಕಡೆಯವರು ಇವರನ್ನು ಸೈತಾನಿಸ್ಟರು ಅಂತಲೇ ಒಪ್ಪುವುದಿಲ್ಲ. ಧರ್ಮಗಳ ಒಳಜಗಳ ಎಲ್ಲ ಕಡೆ ಒಂದೇ ಥರ, ಅಲ್ವಾ!

ನನ್ನ ಲೆಕ್ಕದಲ್ಲಿ ಇದು ಧರ್ಮವೇ. ಒಬ್ಬರೇ ಕೂತು ಓದಿ, ವಾದ ಮಾತ್ರ ಒಪ್ಪಿಕೊಂಡವರು ನಮ್ಮದು ಫಿಲಾಸಫಿ ಅಂದರೆ ತಕರಾರಿಲ್ಲ. ಆದರೆ ಧರ್ಮ ಅನ್ನುವುದು ಬರೀ ತೆರಿಗೆ ಉಳಿಸೋಕೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚರ್ಚ್‌ಗಳೂ ತೆರಿಗೆ ಕಟ್ಟಲಿ ಅಂತ ಪಟ್ಟು ಹಿಡಿದವರೇ ಲಾವೇ.