ತಮ್ಮನ ಫೋಟೊ ಕಿತ್ತುಹಾಕಿದರು, ನಾನು ಕೆಲಸ ಬಿಡಲೇ?

ಪ್ರಶ್ನೆ: ನಾನು ಬೀದರ್‌ನ ಖಾಸಗಿ ಹಣಕಾಸು ಸಂಸ್ಥೆಯೊಂದರಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ. ತಮ್ಮ ಸೈನ್ಯದಲ್ಲಿದ್ದಾನೆ, ಗಡಿಯಲ್ಲಿ ಡ್ಯೂಟಿ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಮವಸ್ತ್ರದಲ್ಲಿರುವ ಅವನ ಫೋಟೊ ಹಾಕಿ, ‘ನಮ್ಮ ಯೋಧರಿಗೆ ಜಯವಾಗಲಿ’ ಎಂದು ಬರೆದಿದ್ದೆ. ಆಮೇಲೆ ಎಲ್ಲರೂ ವಿಡಿಯೊ ಹಾಕತೊಡಗಿದರು. ಒಬ್ಬರು ಮುಸ್ಲಿಮರ ಬಗ್ಗೆ ಕೆಟ್ಟದಾಗಿಯೂ ಬರೆದರು. ನಮ್ಮ ಸಹೋದ್ಯೋಗಿಯೊಬ್ಬರು ಗುಂಪು ಬಿಟ್ಟು ಹೋದರು. ಮರುದಿನ ಮ್ಯಾನೇಜರ್ ಎಲ್ಲವನ್ನೂ ಅಳಿಸಿ, ಕೆಲಸದ ವಿಷಯ ಬಿಟ್ಟು ಬೇರೇನೂ ಹಾಕಬಾರದು ಎಂದು ನಿಯಮ ಮಾಡಿದರು. ಕಳೆದ ವಾರ ತಮ್ಮನ ಅದೇ ಫೋಟೊವನ್ನು ಕೌಂಟರಿನ ಗಾಜಿಗೆ ಅಂಟಿಸಿದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಅದನ್ನು ಕಿತ್ತು ಡ್ರಾಯರಿನಲ್ಲಿ ಹಾಕಿದ್ದರು. ಸೈನಿಕನನ್ನು ಗೌರವಿಸುವುದೂ ತಪ್ಪೇ? ಮ್ಯಾನೇಜರ್ ಹೆಸರು ಹಾಕಿ ಫೇಸ್‌ಬುಕ್‌ನಲ್ಲಿ ಬರೆ, ಇಂಥ ದೇಶದ್ರೋಹಿ ಯಾರೆಂದು ಊರಿಗೆ ಗೊತ್ತಾಗಲಿ ಎಂದು ಇಬ್ಬರು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಕೆಲಸ ಬಿಡುವ ಮನಸ್ಸೂ ಆಗಿದೆ. ಅವ್ವನಿಗೆ ಏನೂ ಹೇಳಿಲ್ಲ. ನಾಲ್ಕೈದು ದಿನಗಳಿಂದ ತಮ್ಮನ ಫೋನೂ ಇಲ್ಲ.
– ಹೆಸರು ಬೇಡ, ಭಾಲ್ಕಿ ತಾಲ್ಲೂಕು

ಉತ್ತರ: ತಂಗಿ, ಫೇಸ್‌ಬುಕ್‌ನಲ್ಲಿ ಬರೆಯಬೇಡಿ. ಉಳಿದ ಮಾತು ಆಮೇಲೆ.

ದೇಶದ್ರೋಹಿ ಎಂಬ ಪದವನ್ನು ಒಬ್ಬ ಮನುಷ್ಯನ ಹೆಸರಿನ ಪಕ್ಕದಲ್ಲಿ ಒಮ್ಮೆ ಬರೆದರೆ ಮತ್ತೆ ಅಳಿಸಲು ಬರುವುದಿಲ್ಲ. ನೀವು ಸಂಜೆಗೆ ತೆಗೆದುಹಾಕಿದರೂ ಅಷ್ಟರಲ್ಲಿ ಅದರ ಚಿತ್ರ ನೂರು ಮೊಬೈಲ್‌ಗಳಿಗೆ ಹೋಗಿರುತ್ತದೆ. ಬೀದರ್ ಎಷ್ಟು ದೊಡ್ಡ ಊರು? ಆ ಮನುಷ್ಯ ನಾಳೆ ಗಾಂಧಿ ಗಂಜ್‌ಗೆ ಹೋಗಬೇಕು, ಅವರ ಮಕ್ಕಳು ಶಾಲೆಗೆ ಹೋಗಬೇಕು. ಬರೆ ಎಂದು ನಿಮ್ಮನ್ನು ಹುರಿದುಂಬಿಸುವ ಇಬ್ಬರೂ ತಮ್ಮ ಖಾತೆಯಲ್ಲಿ ಏಕೆ ಬರೆಯುತ್ತಿಲ್ಲ ಎಂಬುದನ್ನೂ ಯೋಚಿಸಿ. ನಾಳೆ ಪೊಲೀಸ್ ಠಾಣೆಯಿಂದ ಕರೆ ಬಂದರೆ ನೀವೊಬ್ಬರೇ ಹೋಗಬೇಕಾಗುತ್ತದೆ.

ಇನ್ನು ಫೋಟೊದ ವಿಷಯ. ನೀವಿಲ್ಲದಾಗ, ಒಂದು ಮಾತೂ ಹೇಳದೆ ಅದನ್ನು ಕಿತ್ತು ಡ್ರಾಯರಿನಲ್ಲಿ ತುರುಕಿದ್ದು ತಪ್ಪು. ಇದರಲ್ಲಿ ನಾನು ಪೂರ್ತಿಯಾಗಿ ನಿಮ್ಮ ಕಡೆ. ಗಡಿಯಲ್ಲಿರುವ ತಮ್ಮನ ಚಿತ್ರ ಅಕ್ಕನಿಗೆ ಏನು ಎಂಬುದು ಆ ಮನುಷ್ಯನಿಗೆ ತಿಳಿಯಬೇಕಿತ್ತು. ನೀವು ಬರುವವರೆಗೆ ಕಾದು, ‘ಇದನ್ನು ಒಳಗೆ ಇಟ್ಟುಕೊಳ್ಳಮ್ಮ’ ಎಂದಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ಇದನ್ನು ಅವರಿಗೆ ನೇರವಾಗಿ ಹೇಳಿ. ಕೌಂಟರ್ ಮುಚ್ಚಿದ ಮೇಲೆ, ಬೇರೆ ಯಾರೂ ಇಲ್ಲದಾಗ ಹೋಗಿ, ‘ಸರ್, ನಿಯಮ ನನಗೆ ಗೊತ್ತು. ಆದರೆ ಅದು ನನ್ನ ತಮ್ಮನ ಫೋಟೊ. ನನ್ನನ್ನು ಕರೆದು ಹೇಳಿದ್ದರೆ ನಾನೇ ತೆಗೆಯುತ್ತಿದ್ದೆ. ನನಗೆ ಬಹಳ ನೋವಾಗಿದೆ’ ಎನ್ನಿ. ಅಷ್ಟು ಸಾಕು. ದೇಶ, ಸೈನ್ಯ, ಭಕ್ತಿ ಇವನ್ನೆಲ್ಲ ಆ ಕೋಣೆಯೊಳಗೆ ತರಬೇಡಿ. ತಂದರೆ ಅದು ವಾದವಾಗುತ್ತದೆ, ನಿಮ್ಮ ನೋವು ಹಿಂದೆ ಸರಿಯುತ್ತದೆ.

ಆದರೆ ನಿಯಮ ಸರಿಯಾಗಿಯೇ ಇದೆ. ನಿಮಗೆ ಬೇಸರವಾದರೂ ಇದನ್ನು ಹೇಳಲೇಬೇಕು. ಗಿರಾಕಿಗಳ ಕಣ್ಣಿಗೆ ಬೀಳುವ ಗಾಜಿನ ಮೇಲೆ ಏನಿರಬೇಕು, ಕಚೇರಿಯ ಗುಂಪಿನಲ್ಲಿ ಏನು ಬರಬೇಕು ಎಂದು ತೀರ್ಮಾನಿಸುವ ಅಧಿಕಾರ ಸಂಸ್ಥೆಗೆ ಇದೆ. ನಿಮ್ಮ ಫೋಟೊ ಒಳ್ಳೆಯದು, ಅದಕ್ಕೆ ವಿನಾಯಿತಿ ಕೊಡಬಹುದಿತ್ತು ಎನ್ನುತ್ತೀರಿ. ಕೊಟ್ಟರೆ ಅದರ ಕೆಳಗೆ ಬರುವ ಎರಡನೆಯದಕ್ಕೆ, ಹತ್ತನೆಯದಕ್ಕೆ ಏನು ಮಾಡುವುದು? ಆ ಮೇ ತಿಂಗಳಲ್ಲಿ ಎಲ್ಲರ ಮೊಬೈಲ್‌ಗಳಲ್ಲಿ ಹರಿದಾಡಿದ ಯುದ್ಧದ ವಿಡಿಯೊಗಳಲ್ಲಿ ಎಷ್ಟೋ ಹಳೆಯವು, ಎಷ್ಟೋ ಬೇರೆ ದೇಶದವು. ಕೇಂದ್ರ ಸರ್ಕಾರದ ಪಿಐಬಿ ಸತ್ಯಶೋಧನಾ ವಿಭಾಗವು ಒಂದಾದ ಮೇಲೊಂದರಂತೆ ಅವು ಸುಳ್ಳು ಎಂದು ಹೇಳಬೇಕಾಯಿತು. ಚಿನ್ನ ತೂಗುವ, ಕಂತು ಲೆಕ್ಕ ಹಾಕುವ ಮ್ಯಾನೇಜರ್ ದಿನವಿಡೀ ಯಾವುದು ಸರಿ, ಯಾವುದು ಸುಳ್ಳು, ಯಾವುದು ದ್ವೇಷ ಎಂದು ಆರಿಸುತ್ತಾ ಕೂರಲು ಆಗುವುದಿಲ್ಲ. ಎಲ್ಲವನ್ನೂ ನಿಲ್ಲಿಸುವುದೇ ಅವರಿಗೆ ತೋಚಿದ ದಾರಿ.

ನಿಮ್ಮ ಪತ್ರದಲ್ಲಿ ಒಂದು ವಾಕ್ಯದ ಹತ್ತಿರ ನಾನು ನಿಂತುಬಿಟ್ಟೆ. ‘ನಮ್ಮ ಸಹೋದ್ಯೋಗಿಯೊಬ್ಬರು ಗುಂಪು ಬಿಟ್ಟು ಹೋದರು’ ಎಂದು ಬರೆದು ಮುಂದಕ್ಕೆ ಹೋಗಿದ್ದೀರಿ. ಅವರು ಯಾರು ಎಂದು ನೀವು ಹೇಳಿಲ್ಲ, ಆದರೆ ಅದಕ್ಕೂ ಮುಂಚಿನ ವಾಕ್ಯ ಓದಿದರೆ ತಿಳಿಯುತ್ತದೆ. ನೀವು ಹಾಕಿದ್ದು ತಮ್ಮನ ಮೇಲಿನ ಅಕ್ಕರೆಯ ಎರಡು ಮಾತು, ಅದರಲ್ಲಿ ಕೊಂಕಿಲ್ಲ. ಬೇರೊಬ್ಬರು ಅದರ ನೆರಳಿನಲ್ಲಿ ನಿಂತು ಪಕ್ಕದ ಕುರ್ಚಿಯವರಿಗೆ ಕಲ್ಲು ಹೊಡೆದರು. ಅಂದು ದೇಶದ ಮುಂದೆ ಕುಳಿತು ಕಾರ್ಯಾಚರಣೆಯ ವಿವರ ಕೊಟ್ಟವರು ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಅದೇ ಹೊತ್ತಿನಲ್ಲಿ ನಿಮ್ಮ ಕಚೇರಿಯಲ್ಲಿ ಒಬ್ಬರು ತಮ್ಮ ಧರ್ಮದ ಕಾರಣಕ್ಕೆ ತಲೆ ತಗ್ಗಿಸಿ ಹೊರಗೆ ಹೋದರು. ಅವರನ್ನು ಯಾರಾದರೂ ಮಾತನಾಡಿಸಿದರೇ? ನೀವಾದರೂ ಮಾತನಾಡಿಸಿ. ನಿಮ್ಮ ತಮ್ಮನ ಹೆಸರಿನಲ್ಲಿ ಆ ಮಾತು ಬಂದದ್ದು ನಿಮಗೆ ಇಷ್ಟವಿರಲಿಲ್ಲ ಎಂದು ನಿಮ್ಮ ಬಾಯಿಂದಲೇ ಅವರಿಗೆ ಗೊತ್ತಾಗಲಿ.

ಈಗ ನಿಮ್ಮ ತಮ್ಮನ ನಿಯಮಗಳನ್ನು ನೋಡೋಣ. 2020ರ ಜುಲೈನಲ್ಲಿ ಭೂಸೇನೆ ತನ್ನವರಿಗೆ 89 ಆ್ಯಪ್‌ಗಳನ್ನು ಮೊಬೈಲ್‌ನಿಂದ ತೆಗೆಯುವಂತೆ ಆದೇಶಿಸಿತು. ಅವುಗಳಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ಇದ್ದವು. ನೀವು ಅವನಿಗೆ ಕಾಗದ ಬರೆದರೆ ಊರಿನ ಹೆಸರು ಬರೆಯುವುದಿಲ್ಲ, 56 ಎ.ಪಿ.ಒ. ಅಥವಾ 99 ಎ.ಪಿ.ಒ. ಎಂದು ಸೇನೆಯ ಅಂಚೆ ಕಚೇರಿಯ ಸಂಖ್ಯೆ ಬರೆಯುತ್ತೀರಿ. ಅವನು ಎಲ್ಲಿದ್ದಾನೆ ಎಂಬುದು ಅಂಚೆ ಲಕೋಟೆಯ ಮೇಲೂ ಕಾಣಬಾರದು ಎಂಬ ಎಚ್ಚರ ಅದು. ಬೀದರ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂರ್ಯಕಿರಣ ತಂಡದ ವಿಮಾನಗಳೂ ತರಬೇತಿಯ ಹಾಕ್ ವಿಮಾನಗಳೂ ದಿನವೂ ತಲೆಯ ಮೇಲೆ ಹಾರುವ ಊರಿನಲ್ಲಿ, ವಾಯುನೆಲೆಯ ಕಡೆಗೆ ಮೊಬೈಲ್ ಎತ್ತಬಾರದು ಎಂಬುದು ಮಕ್ಕಳಿಗೂ ಗೊತ್ತು.

ಆ ಫೋಟೊವನ್ನು ಡ್ರಾಯರಿನಿಂದ ತೆಗೆದು ಇನ್ನೊಮ್ಮೆ ನೋಡಿ. ಎದೆಯ ಮೇಲೆ ಅವನ ಹೆಸರಿನ ಪಟ್ಟಿ ಇರಬಹುದು. ತೋಳಿನ ಮೇಲೆ, ಟೋಪಿಯ ಮೇಲೆ ಅವನ ರೆಜಿಮೆಂಟಿನ ಗುರುತು ಇರಬಹುದು. ನಿಮ್ಮ ಕೌಂಟರಿಗೆ ದಿನಕ್ಕೆ ಎಷ್ಟು ಅಪರಿಚಿತರು ಬರುತ್ತಾರೆ, ಅವರ ಕೈಯಲ್ಲೆಲ್ಲ ಕ್ಯಾಮೆರಾ ಇರುತ್ತದೆ. ಸೈನಿಕನ ಹೆಸರು, ಪಡೆ, ಅಕ್ಕ ಎಲ್ಲಿ ಕೆಲಸ ಮಾಡುತ್ತಾಳೆ ಎಂಬುದು ಒಂದೇ ಚಿತ್ರದಲ್ಲಿ ಸಿಕ್ಕರೆ, ಸೈನಿಕರ ಮನೆಯವರಿಗೆ ಸುಳ್ಳು ಕರೆ ಮಾಡಿ ವಿಷಯ ಕೆದಕುವವರಿಗೆ ಮತ್ತೇನು ಬೇಕು? ಮ್ಯಾನೇಜರ್ ಇದನ್ನು ಯೋಚಿಸಿ ತೆಗೆದರೆಂದು ನಾನು ಹೇಳುವುದಿಲ್ಲ. ಆದರೆ ತಮ್ಮನನ್ನು ಕೇಳಿದರೆ ಅವನೇ ತೆಗೆಯಲು ಹೇಳಿಯಾನು. ಅವನು ರಜೆಗೆ ಬಂದಾಗ ಮನೆಯಲ್ಲಿ ಸಾದಾ ಬಟ್ಟೆಯಲ್ಲಿ ತೆಗೆದ ಒಂದು ಚಿತ್ರವನ್ನು ನಿಮ್ಮ ಪರ್ಸಿನಲ್ಲಿ ಇಟ್ಟುಕೊಳ್ಳಿ. ಅದನ್ನು ಯಾವ ನಿಯಮವೂ ಮುಟ್ಟುವುದಿಲ್ಲ.

ಸಂಸ್ಥೆಯ ಒಳಗೇ, ಎಲ್ಲರ ಎದುರಿಗೇ ಸೈನಿಕರಿಗೆ ಗೌರವ ಸಲ್ಲಬೇಕು ಎಂಬ ನಿಮ್ಮ ಆಸೆ ನ್ಯಾಯವಾದದ್ದು. ಅದಕ್ಕೊಂದು ದಾರಿ ಇದೆ. 1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನ ಆಚರಿಸುತ್ತಾರೆ. ಅಂದು ಕೊಡುವ ಪುಟ್ಟ ಧ್ವಜದಲ್ಲಿ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳಿರುತ್ತವೆ, ಭೂಸೇನೆ, ನೌಕಾಪಡೆ, ವಾಯುಪಡೆಗೆ ಒಂದೊಂದು. ಸಂಗ್ರಹವಾದ ಹಣ ಯುದ್ಧದಲ್ಲಿ ಗಾಯಗೊಂಡವರಿಗೆ, ಹುತಾತ್ಮರ ಮನೆಯವರಿಗೆ, ಮಾಜಿ ಸೈನಿಕರಿಗೆ ಹೋಗುತ್ತದೆ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯನ್ನು ಸಂಪರ್ಕಿಸಿ, ಕೌಂಟರಿನಲ್ಲಿ ಒಂದು ದಿನ ಧ್ವಜದ ಡಬ್ಬಿ ಇಡಲು ಅನುಮತಿ ಕೊಡಿ ಎಂದು ಮ್ಯಾನೇಜರ್‌ಗೆ ಬರಹದಲ್ಲಿ ಕೇಳಿ. ಮೇಲಿನ ಕಚೇರಿಯ ಒಪ್ಪಿಗೆ ಪಡೆಯಲು ಅವರಿಗೆ ಸಮಯ ಬೇಕು, ಆದ್ದರಿಂದ ನವೆಂಬರ್ ಮೊದಲ ವಾರದಲ್ಲೇ ಅರ್ಜಿ ಕೊಡಿ. ಯಾರೋ ಒಬ್ಬರು ಅಂಟಿಸಿದ ಚಿತ್ರವನ್ನು ಕಿತ್ತುಹಾಕುವುದು ಸುಲಭ. ಅನುಮತಿ ಪಡೆದು ಇಟ್ಟ ಡಬ್ಬಿಯನ್ನು ಯಾರೂ ಮುಟ್ಟುವುದಿಲ್ಲ.

ನಾಲ್ಕೈದು ದಿನಗಳಿಂದ ಫೋನಿಲ್ಲ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಿಮ್ಮ ಹೊಟ್ಟೆಯೊಳಗಿನ ಕುದಿಗೆ ಮೂಲ ಇದೇ ಇರಬೇಕು ಎನ್ನಿಸುತ್ತದೆ. ಗುಂಪಿನಲ್ಲಿ ಅಷ್ಟು ಜನ ಬಾವುಟ ಹಾಕಿದರು, ‘ನಿಮ್ಮ ತಮ್ಮ ಹೇಗಿದ್ದಾನೆ’ ಎಂದು ಒಬ್ಬರಾದರೂ ಕೇಳಿದರೇ? ಗಡಿಯ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ನಾಲ್ಕೈದು ದಿನ ಫೋನ್ ಬಾರದಿರುವುದು ಸೈನಿಕರ ಮನೆಗಳಲ್ಲಿ ಹೊಸದೇನೂ ಅಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ರಾತ್ರಿ ನಿದ್ದೆ ಬರುವುದಿಲ್ಲ. ಅವ್ವನಿಗೂ ಬರುತ್ತಿರಲಾರದು. ಕಚೇರಿಯ ಜಗಳವನ್ನು ಅವರಿಂದ ಮುಚ್ಚಿಡಬೇಡಿ, ಬೇರೆಯವರಿಂದ ಕೇಳಿದರೆ ಇನ್ನೂ ಗಾಬರಿಯಾಗುತ್ತಾರೆ. ಇಬ್ಬರೂ ಕೂಡಿ ಶೇಂಗಾ ಉಂಡಿ ಕಟ್ಟಿ ಅಂಚೆಯಲ್ಲಿ ಕಳಿಸಿ, ಜೊತೆಗೊಂದು ಕಾಗದ ಬರೆಯಿರಿ. ಆ ಕಾಗದದಲ್ಲಿ ಮ್ಯಾನೇಜರ್ ಸುದ್ದಿ ಬೇಡ. ಅಲ್ಲಿರುವವನಿಗೆ ಮನೆಯ ಚಿಂತೆ ಹಚ್ಚಬಾರದು.

ಕೆಲಸ ಬಿಡುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ಸಿಟ್ಟಿನಲ್ಲಿ ಬರೆದ ರಾಜೀನಾಮೆಯಿಂದ ತಮ್ಮನಿಗೆ ಗೌರವ ಬರುವುದಿಲ್ಲ, ಮನೆಗೆ ಬರುವ ಸಂಬಳ ಮಾತ್ರ ನಿಲ್ಲುತ್ತದೆ. ಮ್ಯಾನೇಜರ್ ಜೊತೆ ಮೊದಲು ಮಾತನಾಡಿ. ಅವರು ನಿಮ್ಮ ಮಾತು ಕೇಳಿಸಿಕೊಳ್ಳದೆ ಗದರಿದರೆ, ನಡೆದದ್ದನ್ನು ಮೇಲಿನ ಕಚೇರಿಯ ಸಿಬ್ಬಂದಿ ವಿಭಾಗಕ್ಕೆ ದಿನಾಂಕದ ಸಮೇತ ಬರೆದು ಕಳಿಸಿ. ಏನಾಯಿತು ಎಂದು ನನಗೂ ಒಂದು ಸಾಲು ಬರೆಯಿರಿ, ತಮ್ಮನ ಫೋನ್ ಬಂದ ಸುದ್ದಿಯನ್ನೂ ಅದರಲ್ಲಿ ತಿಳಿಸಿ.