ಹೆಂಡ್ತಿ ಕಿವಿ ಚುರುಕಾ, ಇಲ್ಲ ನಂದು ಜಾಣಗಿವುಡಾ?

ಪ್ರಶ್ನೆ: ನಂಗೆ 46 ವರ್ಷ, 20 ವರ್ಷದಿಂದ ಪವರ್‌ಲೂಮ್ ಶೆಡ್ಡಲ್ಲೇ ಕೆಲ್ಸ. ವಾಷಿಂಗ್ ಮಷಿನ್ ಬೀಪ್ ಅಂದಿದ್ದು ಅಡುಗೆಮನೇಲಿರೋ ಹೆಂಡ್ತಿಗೆ ಕೇಳ್ಸುತ್ತೆ, ಪಕ್ಕದಲ್ಲಿ ಕೂತಿರೋ ನಂಗಿಲ್ಲ. ಟೆಸ್ಟಲ್ಲಿ ಎರಡೂ ಕಿವಿ 4000 ಹರ್ಟ್ಜ್ (ಕೀಚಲು ಸದ್ದು) ಹತ್ರ ಬಿದ್ದಿದೆ, ಎಡಗಿವಿ ಇನ್ನೂ 5 ಡೆಸಿಬಲ್ ಜಾಸ್ತಿ. ಹೆಂಗಸರ ಕಿವಿನೇ ಚುರುಕು ಅಂತಾರಲ್ಲ, ನಿಜಾನಾ?
- ಓದುಗರು, ದೊಡ್ಡಬಳ್ಳಾಪುರ

ಉತ್ತರ: ನಿಜಾನೇ, ಆದ್ರೆ ನಿಮ್ಮ ಬೀಪ್ ಕಥೆಗೆ ಅದು ಸಾಲಲ್ಲ. ಸಣ್ಣ ವಯಸ್ಸಲ್ಲಿ ಕೀಚಲು ಸದ್ದು ಕೇಳೋದ್ರಲ್ಲಿ ಹೆಂಗಸರು ಸರಾಸರಿ ಎರಡ್ಮೂರು ಡೆಸಿಬಲ್ ಮುಂದೆ ಅಷ್ಟೇ, ವಯಸ್ಸಾಗ್ತಾ ಗಂಡಸರದ್ದು ಬೇಗ ಇಳಿಯೋದ್ರಿಂದ ಅಂತರ ಜಾಸ್ತಿ ಆಗುತ್ತೆ, ಆದ್ರೆ 1000 ಹರ್ಟ್ಜ್‌ಗಿಂತ ಕೆಳಗಿನ ದಪ್ಪ ಸದ್ದಲ್ಲಿ ವಯಸ್ಸಾದ ಗಂಡಸರದ್ದೇ ಒಂಚೂರು ಮೇಲು, ಇದನ್ನ ಮನೇಲಿ ಹೇಳಿ ನೋಡಿ!

ಬಲಗಿವಿ ಎಡಗಿವಿ ವಿಷ್ಯಾನೂ ಹಂಗೇ. ಕಿವಿ ಬರೀ ಕೇಳಲ್ಲ, ತಾನೇ ಸಣ್ಣಗೆ ಸದ್ದು ಹೊರಡಿಸುತ್ತೆ, 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಅದನ್ನ ಮೈಕಲ್ಲಿ ಹಿಡಿದು ತೋರ್ಸಿದ್ರು, ಈಗ ಹಸುಗೂಸುಗಳ ಕಿವಿ ಟೆಸ್ಟ್ ಮಾಡೋದೂ ಅದ್ರಿಂದಾನೇ. ಆ ಸದ್ದು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ, ಎಡಕ್ಕಿಂತ ಬಲಗಿವೀಲಿ ಸ್ವಲ್ಪ ಜೋರು, ಹುಟ್ಟಿದಾಗಿಂದ್ಲೇ. ಗದ್ದಲದಲ್ಲಿ ದುಡಿಯೋರಿಗೂ ಸಾಮಾನ್ಯವಾಗಿ ಎಡಗಿವಿನೇ ಒಂದು ಕೈ ಜಾಸ್ತಿ ಕೆಡುತ್ತೆ. ಆದ್ರೆ ನಿಮ್ಮ 5 ಡೆಸಿಬಲ್‌ಗೆ ತಲೆ ಕೆಡಿಸ್ಕೋಬೇಡಿ, ಟೆಸ್ಟ್ ಮಷಿನ್ ಸದ್ದು ಏರಿಸಿ ಇಳಿಸೋದೇ 5ರ ಲೆಕ್ಕದಲ್ಲಿ, ಅಂದ್ರೆ ಅದು ಒಂದೇ ಮೆಟ್ಲು. ಒಂದು ಕಿವಿ ಮಾತ್ರ 15-20 ಇಳಿದಿದ್ರೆ, ಇಲ್ಲಾ ದಿಢೀರ್ ಅಂತ ಮಂದ ಆದ್ರೆ ಮಾತ್ರ ತಡ ಮಾಡ್ದೆ ಇಎನ್‌ಟಿ ಡಾಕ್ಟರ್ ಹತ್ರ ಓಡಿ.

ನಿಮ್ಮ ಅಸಲಿ ಕಳ್ಳ ಮಗ್ಗ ಸಾರ್. 4000ದ ಹತ್ರ ಗುಂಡಿ ಬೀಳೋದು ಗದ್ದಲದ ಏಟಿನ ಗುರುತು, 85 ಡೆಸಿಬಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಅನ್ನೋದು ತಜ್ಞರು ಹೇಳೋ ಮಿತಿ, ಮಗ್ಗದ ಶೆಡ್ಡು ಸಾಮಾನ್ಯವಾಗಿ ಅದನ್ನ ದಾಟಿರುತ್ತೆ. ಹೋಗಿದ್ದು ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳಕ್ಕೆ ಇಯರ್‌ಪ್ಲಗ್ ಹಾಕಿ (ಹತ್ತಿ ತುರುಕೋದು ಲೆಕ್ಕಕ್ಕಿಲ್ಲ). ಮೈಸೂರಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ, ಮತ್ತೊಮ್ಮೆ ಅಲ್ಲಿ ತೋರಿಸ್ಬೋದು. ಶಿಫ್ಟ್ ಮುಗಿಸಿ ನೇರ ಹೋಗ್ಬೇಡಿ, ರಜೆ ಮಾರನೇ ದಿನ ಬೆಳಿಗ್ಗೆ ಹೋಗಿ, ಇಲ್ಲಾಂದ್ರೆ ದಣಿದ ಕಿವಿ ಲೆಕ್ಕಾನೇ ರಿಪೋರ್ಟಲ್ಲಿ ಬರುತ್ತೆ.